ಜಿಸಿಸಿ 10.1 ಅಂದ್ರೆ ‘ಒಂದು ಸಲ ರಿಪೇರಿ ಆಗಿದ್ದು’ ಅಂತ ನಂಬಿ ಕೆಟ್ಟೆ

ಅಡಿಕೆ ತೂಕದ ಚೀಟಿಯಲ್ಲಿ ಹಿಂದಿನ ಚೀಲದ ತೂಕ ಬಂದರೆ ಏನು ಗಲಾಟೆ ಆಗುತ್ತೆ ಅಂತ ಶಿವಮೊಗ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಬರೆದ ಪ್ರೋಗ್ರಾಮ್ ಆ ಕೆಲಸ ಮಾಡಿತು. ಬರೆದ ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಮಾಡಿಕೊಡುವ ಕಂಪೈಲರ್ ಜಿಸಿಸಿಯದ್ದೇನೂ ತಪ್ಪಿಲ್ಲ. ಅದರ ಆವೃತ್ತಿ ನಂಬರನ್ನು ನಾನು ಅಂದಾಜಲ್ಲಿ ಓದಿದ್ದೆ.

2020ರ ಜೂನ್. ವ್ಯಾಪಾರಿಯೊಬ್ಬರ ತೂಕದ ಕಂಪ್ಯೂಟರನ್ನು ತೀರ್ಥಹಳ್ಳಿಯ ಮನೆಗೆ ತಂದಿದ್ದೆ. ಅದರಲ್ಲಿದ್ದದ್ದು ಡೆಬಿಯನ್ 8 ಅನ್ನೋ ಲಿನಕ್ಸ್, ಜೊತೆಗೆ ಜಿಸಿಸಿ 4.9.2. ಹಾಗೇ ಬಿಡಬಹುದಿತ್ತು. ಆದರೆ ಮೇ ತಿಂಗಳಲ್ಲಿ ಜಿಸಿಸಿ 10.1 ಬಂದಿತ್ತಲ್ಲ, ಕೈ ಸುಮ್ನಿರಲಿಲ್ಲ. 10.0 ಆಗಿದ್ದರೆ ಮುಟ್ಟುತ್ತಿರಲಿಲ್ಲ. ಪಾಯಿಂಟ್ ಒಂದು ಅಂದರೆ ಮೊದಲ ಸುತ್ತಿನ ತಪ್ಪು ತಿದ್ದಿರ್ತಾರೆ ಅಂದುಕೊಂಡೆ. ಜಡಿಮಳೆ, ಎರಡು ಸಲ ಕರೆಂಟ್ ಹೋಯ್ತು, ಯುಪಿಎಸ್ ಕೂಗಿತು. ಬಿಲ್ಡ್ (ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಕೆಲಸ) ಮುಗಿದಾಗ ಬೆಳಗಿನ ಜಾವ.

ಜಿಸಿಸಿಯ ಲೆಕ್ಕ 2015ರಲ್ಲಿ, 5ನೇ ಆವೃತ್ತಿಯಿಂದಲೇ ಬದಲಾಗಿದೆ. ಹಿಂದೆ 4.8 ಆದಮೇಲೆ 4.9 ಬಂದರೆ ಅದೇ ದೊಡ್ಡ ಬಿಡುಗಡೆ. ಈಗ ವರ್ಷಕ್ಕೊಮ್ಮೆ ಮೊದಲ ಅಂಕಿಯೇ ಏರುತ್ತೆ. 10.0 ಅನ್ನುವುದು ಇನ್ನೂ ತಯಾರಾಗುತ್ತಿರುವ ಸರಕಿನ ಹೆಸರು, ಅದು ಬಿಡುಗಡೆಯೇ ಆಗಲ್ಲ. 10.1 ಮೊಟ್ಟಮೊದಲ ಬಿಡುಗಡೆ. ನಾನು ಅಂದುಕೊಂಡಿದ್ದ ‘ತಪ್ಪು ತಿದ್ದಿದ್ದು’ 10.2. ಅದು ಬಂದದ್ದು ಜುಲೈನಲ್ಲಿ.

ಮೊದಲು ಕೋಡಿನ ತುಂಡುಗಳನ್ನು ಜೋಡಿಸುವ ಲಿಂಕರ್ ತಕರಾರು ತೆಗೆಯಿತು. ಹಲವು ಫೈಲುಗಳು ಹಂಚಿಕೊಳ್ಳುವ ಹೆಡರ್‌ನಲ್ಲಿ, ‘ಇದು ಬೇರೆ ಕಡೆ ಇದೆ’ ಅನ್ನೋ ಎಕ್ಸ್‌ಟರ್ನ್ ಪದ ಇಲ್ಲದೆ ಗ್ಲೋಬಲ್ ವೇರಿಯಬಲ್ ಇಟ್ಟಿದ್ದೆ. 10ರಿಂದ ಅದು ನಡೆಯಲ್ಲ. ಅರ್ಧ ಗಂಟೆ ಕೆಲಸ, ಬಿಡಿ.

ಕೆಟ್ಟದ್ದು ಬಾಯೇ ಬಿಡಲಿಲ್ಲ. ಕಾಟಾದಿಂದ ತೂಕ ಓದಲು ಒಂದು ಥ್ರೆಡ್ (ಪ್ರೋಗ್ರಾಮ್ ಒಳಗೆ ಜೊತೆಜೊತೆಗೆ ಓಡುವ ಕೆಲಸ), ಚೀಟಿ ಹೊಡೆಯಲು ಇನ್ನೊಂದು. ‘ಹೊಸ ತೂಕ ಬಂತು’ ಅಂತ ಹೇಳಲು ನಡುವೆ ಒಂದು ಅಟಾಮಿಕ್ ವೇರಿಯಬಲ್, ಅಂದರೆ ತೂಕ ಬರೆದಾದ ಮೇಲೇ ಇನ್ನೊಂದು ಥ್ರೆಡ್‌ಗೆ ಸುದ್ದಿ ಮುಟ್ಟುವಂತೆ ನೋಡಿಕೊಳ್ಳುವಂಥದ್ದು. ಸಿ ಭಾಷೆಯ 2011ರ ರೂಪವಾದ ಸಿ11ರ ಅಟಾಮಿಕ್ ಜಿಸಿಸಿಗೆ ಬಂದದ್ದು 4.9ರಲ್ಲಿ. ಅದಕ್ಕೇ ಕೋಡ್‌ನಲ್ಲಿ ಒಂದು ಷರತ್ತು ಹಾಕಿದ್ದೆ: ಮೇಜರ್ (ಚುಕ್ಕೆಗೆ ಮುಂಚಿನ ಅಂಕಿ) 4 ಅಥವಾ ಜಾಸ್ತಿ, ಮತ್ತು ಮೈನರ್ (ಚುಕ್ಕೆಯ ನಂತರದ್ದು) 9 ಅಥವಾ ಜಾಸ್ತಿ. ಇಲ್ಲದಿದ್ದರೆ ಆ ರಕ್ಷಣೆ ಇಲ್ಲದ ಮಾಮೂಲಿ ಇಂಟ್ (ಪೂರ್ಣಾಂಕದ ವೇರಿಯಬಲ್).

ಈಗ 10.1 ಹಾಕಿ ನೋಡಿ. ಮೇಜರ್ 10, ಸರಿ. ಮೈನರ್ 1. ಹೋಯ್ತು! ಹೊಚ್ಚಹೊಸ ಕಂಪೈಲರನ್ನು ನನ್ನ ಕೋಡ್ ಹಳೇದು ಅಂತ ತಿಳಿದು ಮಾಮೂಲಿ ಇಂಟ್ ದಾರಿ ಹಿಡಿಯಿತು. ಎಚ್ಚರಿಕೆಯ ಒಂದು ಸಾಲೂ ಬರಲಿಲ್ಲ. ಮನೆಯಲ್ಲಿ ಪರೀಕ್ಷೆ ಮಾಡಿದಾಗಲೂ ಎಲ್ಲ ಸರಿಯಿತ್ತು.

ಮೂರನೇ ದಿನ ಮಂಡಿಯಿಂದ ಫೋನ್. ಹೋಗಿ ನೋಡಿದರೆ ಸಾಲಾಗಿ ಎರಡು ಚೀಟಿಯಲ್ಲಿ 64.9 ಕಿಲೋ. ಕಾಟಾದ ಮೇಲಿದ್ದ ಚೀಲ 66.4. “ಇದು ನಂದಲ್ಲ ಕಣ್ರೀ, ಹಿಂದಿನ ಚೀಲದ್ದು” ಅಂತ ರೈತರೊಬ್ಬರು ಚೀಟಿ ಹಿಡಿದು ನಿಂತಿದ್ದರು. ಅವರು ನೋಡದೇ ಹೋಗಿದ್ದರೆ? ಆ ದಿನದ ಚೀಟಿಗಳನ್ನೆಲ್ಲ ಪಕ್ಕಕ್ಕಿಟ್ಟು ಚೀಲಗಳನ್ನು ಮತ್ತೆ ತೂಗಿದರು. ನಾನೂ ಹಮಾಲರ ಜೊತೆ ಕೈ ಹಾಕಿದೆ, ಬೇರೆ ಮುಖ ಇರಲಿಲ್ಲ.

ನಿಮ್ಮ ಹಳೇ ಹೆಡರ್‌ಗಳಲ್ಲಿ ಮೈನರ್ ನಂಬರ್ ಎಲ್ಲೆಲ್ಲಿ ಹೋಲಿಸಿದ್ದೀರಿ ಅಂತ ಇವತ್ತೇ ಹುಡುಕಿ. ಷರತ್ತು ಹೀಗಿರಬೇಕು: ಮೇಜರ್ 4ಕ್ಕಿಂತ ಜಾಸ್ತಿ; ಅಥವಾ ಮೇಜರ್ ಸರಿಯಾಗಿ 4 ಇದ್ದು, ಮೈನರ್ 9 ಅಥವಾ ಜಾಸ್ತಿ. ಕ್ಲ್ಯಾಂಗ್ ಅನ್ನೋ ಬೇರೆ ಕಂಪೈಲರ್ ಬಳಸುವವರಿಗೆ ಇನ್ನೊಂದು ತಮಾಷೆ ಇದೆ: ಕೋಡ್‌ಗೆ ಆವೃತ್ತಿ ನಂಬರ್ ತಿಳಿಸುವ ಇದೇ ಮ್ಯಾಕ್ರೋಗಳಲ್ಲಿ ಅದು ತನ್ನನ್ನು ಜಿಸಿಸಿ 4.2.1 ಅಂತ ಹೇಳಿಕೊಳ್ಳುತ್ತೆ, ಅದಕ್ಕೆ ಬೇರೆ ಷರತ್ತೇ ಬೇಕು. 2024ರಿಂದ ಅದರ ಬಿಡುಗಡೆಯೂ 18.1.0 ಅಂತಲೇ ಶುರುವಾಗಿದೆ. ಅಲ್ಲೂ ಪಾಯಿಂಟ್ ಒಂದು ಅಂದರೆ ಮೊದಲನೆಯದೇ.