ಚಳಿಗಾಲದ ಇಳಿತಕ್ಕೆ ಯಾವ ತೀರ: ಓಂ ಬೀಚ್, ಸೋಮೇಶ್ವರ, ಸೇಂಟ್ ಮೇರೀಸ್

ಮೂರೂ ಕಡೆ ಬಂಡೆಗಳಿವೆ, ಡಿಸೆಂಬರ್–ಜನವರಿಯಲ್ಲಿ ಕಡಲೂ ಸಾಮಾನ್ಯವಾಗಿ ಶಾಂತ. ಆದರೆ ನೀರಿಳಿದ ಮೇಲೆ ಬಂಡೆಸಂದಿಯ ಹೊಂಡಗಳಲ್ಲಿ ಏನಿದೆ ಎಂದು ನೋಡುವುದೇ ಉದ್ದೇಶವಾದರೆ ಮೊದಲ ಆಯ್ಕೆ ಗೋಕರ್ಣದ ಓಂ ಬೀಚ್. ಇದನ್ನು ನಿರ್ಧರಿಸುವುದು ಇಳಿತದ ಹೊತ್ತು.

ನಮ್ಮ ಕರಾವಳಿಯಲ್ಲಿ ನೀರು ಹೆಚ್ಚು ಇಳಿಯುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ. ಆಗ ಇಳಿತ ಬೀಳುವುದು ಹೆಚ್ಚುಕಡಿಮೆ ನಸುಕಿಗೆ ಮತ್ತು ಸಂಜೆಗೆ. ಅಷ್ಟಮಿಯ ಹೊತ್ತಿಗೆ ನಡುಹಗಲ ಇಳಿತ ಸಿಗುತ್ತದೆ, ಆದರೆ ಬಂಡೆಯ ಬುಡ ಕಾಣುವಷ್ಟು ನೀರು ಸರಿಯುವುದಿಲ್ಲ.

ದ್ವೀಪವಾದ ಸೇಂಟ್ ಮೇರೀಸ್ ಹಿಂದೆ ಬೀಳುವುದು ಇಲ್ಲೇ. ಅಲ್ಲಿಗೆ ಹೋಗುವ ಮಲ್ಪೆಯ ದೋಣಿಗಳು ಓಡುವುದು ಹಗಲಿನಲ್ಲಿ, ಒಳ್ಳೆಯ ಇಳಿತ ಇರುವುದು ಅದರ ಆಚೀಚೆ. ಭಾರತದಿಂದ ಮಡಗಾಸ್ಕರ್ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಅಲ್ಲಿನ ಶಿಲಾಕಂಬಗಳನ್ನು ನೋಡಲು ಹೋಗಿ. ಅವು ಭರತದಲ್ಲೂ ಕಾಣುತ್ತವೆ.

ಸೋಮೇಶ್ವರ ಮಂಗಳೂರಿಗೆ ಹತ್ತಿರ, ದೇವಸ್ಥಾನದವರೆಗೂ ರಸ್ತೆಯಿದೆ. ಅರ್ಧ ತಾಸಷ್ಟೇ ಇದ್ದವರಿಗೆ ಸರಿ. ಅಲ್ಲಿನ ರುದ್ರಪಾದೆ ಎಂಬ ಬಂಡೆಗೆ ಮಾತ್ರ ತೆರೆದ ಕಡಲಿನ ಅಲೆ ನೇರ ಬಡಿಯುತ್ತದೆ, ಅಲ್ಲಿ ಜಾರಿ ಜೀವ ಕಳೆದುಕೊಂಡವರಿದ್ದಾರೆ. ಕಲ್ಲು ಒದ್ದೆಯಾಗಿದ್ದರೆ ಅಲ್ಲಿಗೆ ಅಲೆ ಬಂದಿದೆ, ಮತ್ತೆ ಬರುತ್ತದೆ ಎಂದೇ ತಿಳಿಯಬೇಕು. ಒಣಗಿದ ಕಲ್ಲಿನಾಚೆ ಕಾಲಿಡಬೇಡಿ.

ಓಂ ಬೀಚಿನಲ್ಲಿ ಕಮಾನಿನಂತೆ ಬಾಗಿದ ಎರಡು ತೀರಗಳ ನಡುವಿನ ಬಂಡೆಸಾಲಿಗೆ ಮರಳಿನಿಂದಲೇ ನಡೆದು ಹೋಗಬಹುದು. ಮುಂಜಾನೆ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುವುದರಿಂದ ಹೊಂಡದ ನೀರು ಕದಡದೆ ತಳ ಕಾಣುತ್ತದೆ. ಮಧ್ಯಾಹ್ನದ ನಂತರ ಕಡಲಗಾಳಿ ಎದ್ದರೆ ಆ ಸುಖವಿಲ್ಲ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಹುಣ್ಣಿಮೆಗಿಂತ ಬಿದಿಗೆ, ತದಿಗೆ ಅನುಕೂಲ: ಅಷ್ಟರಲ್ಲಿ ಬೆಳಕು ಹರಿದಿರುತ್ತದೆ. ಕಾರವಾರದ ಟೈಡ್ ಟೇಬಲ್‌ನಲ್ಲಿ (ಭರತ–ಇಳಿತದ ವೇಳಾಪಟ್ಟಿ) ಸಮಯದ ಜೊತೆ ನೀರಿನ ಎತ್ತರವನ್ನೂ ನೋಡಿ. ದಿನದ ಎರಡು ಇಳಿತಗಳು ಸಮನಾಗಿರುವುದಿಲ್ಲ, 0.4 ಮೀಟರಿಗಿಂತ ಕೆಳಗಿನದು ಸಿಕ್ಕರೆ ಹೊರಡಿ.

ಇಳಿತಕ್ಕೆ ಒಂದು ತಾಸು ಮೊದಲೇ ಅಲ್ಲಿದ್ದು, ನೀರನ್ನು ಹಿಂಬಾಲಿಸಿಕೊಂಡು ಕೆಳಗಿಳಿಯಿರಿ. ನೀರು ತಿರುಗಿದ ಅರ್ಧ ತಾಸಿಗೆ ವಾಪಸು ಹೊರಡಬೇಕು. ಮೊದಲ ತಾಸಿನಲ್ಲಿ ಏರಿಕೆ ಗೊತ್ತೇ ಆಗುವುದಿಲ್ಲ, ಮೂರು, ನಾಲ್ಕನೇ ತಾಸಿನಲ್ಲಿ ಅತಿ ವೇಗ. ಬೆನ್ನ ಹಿಂದಿನ ತಗ್ಗು ಮೊದಲು ತುಂಬಿ ದಾರಿ ಕಟ್ಟಾಗುವುದು ಹೀಗೆಯೇ.

ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ ಸಾಕು. ಹವಾಯಿ ಚಪ್ಪಲಿ ಹಸಿರು ಪಾಚಿಯ ಮೇಲೆ ಜಾರುತ್ತದೆ. ಬಂಡೆಗೆ ಅಂಟಿಕೊಂಡ ಚಿಪ್ಪುಜೀವಿಗಳಾದ ನೀಲಿಕಲ್ಲು, ಬಾರ್ನಕಲ್‌ಗಳ ಅಂಚು ಬರಿಗಾಲನ್ನು ಕೊಯ್ಯುತ್ತದೆ. ಮೊಣಕಾಲಿನಷ್ಟು ನೀರಿನ ಮರಳಲ್ಲಿ ಪಾದ ಎತ್ತಿಡದೆ ಎಳೆದುಕೊಂಡು ನಡೆದರೆ ಹೂತು ಕೂತ, ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ತಾನೇ ಸರಿದುಹೋಗುತ್ತದೆ. ಕಲ್ಲು ಎತ್ತಿ ನೋಡಿದರೆ ಮೊದಲಿದ್ದ ಹಾಗೇ ಮತ್ತೆ ಇಡಿ, ಇಲ್ಲದಿದ್ದರೆ ಅಡಿಯ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಕೋನ್ ಆಕಾರದ ಚಂದದ ಶಂಖವನ್ನು ಮುಟ್ಟಲೇಬೇಡಿ, ಒಳಗಿನ ಹುಳು ವಿಷದ ಮುಳ್ಳು ಚುಚ್ಚಬಲ್ಲದು.

ನಡಿಗೆಯೂ ಬೇಕೆಂದರೆ ಬಂಡೆ ನೋಡಿ ಮುಗಿದ ಮೇಲೆ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ಕಡೆ ಗುಡ್ಡದ ದಾರಿ ಹಿಡಿಯಿರಿ. ಸಡಿಲ ಜಂಬಿಟ್ಟಿಗೆಯ ದಾರಿ, ಇಳಿಜಾರಿನಲ್ಲಿ ಜಾರುತ್ತದೆ. ಸಂಜೆಯ ಇಳಿತಕ್ಕೆ ಹೋದವರು ಓಂ ಬೀಚ್ ದಾಟಿ ಮುಂದೆ ಹೋಗದಿರುವುದೇ ಒಳ್ಳೆಯದು.