ನೇಪಲ್ಸ್‌ನಲ್ಲಿ ಹಡಗು ನಿಲ್ಲುವ ಒಂದು ದಿನ: ಪಾಂಪೇ, ಎರ್ಕೊಲಾನೊ, ಕಾಪ್ರಿ, ಇಲ್ಲವೇ ಊರೊಳಗೇ?

ವೇಳಾಪಟ್ಟಿಯಲ್ಲಿ ಬೆಳಿಗ್ಗೆ 7ರಿಂದ ಸಂಜೆ 6 ಎಂದಿದ್ದರೆ ಕೈಯಲ್ಲಿ ಹನ್ನೊಂದು ಗಂಟೆ ಇದೆ ಎಂದುಕೊಳ್ಳಬೇಡಿ. ಇಳಿಯಲು ಅನುಮತಿ ಸಿಕ್ಕಿ ಹೊರಗೆ ಬರುವಷ್ಟರಲ್ಲಿ 7.45 ದಾಟಿರುತ್ತದೆ. ಹೊರಡುವ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಮೊದಲೇ ಎಲ್ಲರೂ ಹಡಗಿನೊಳಗೆ ಇರಬೇಕು. ಅದಕ್ಕೂ ಒಂದೂವರೆ ಗಂಟೆ ಮುಂಚೆ ಬಂದರಿಗೆ ನಡೆದು ಹೋಗುವಷ್ಟು ಹತ್ತಿರ ಇರಲೇಬೇಕು ಎಂಬುದು ನಮ್ಮ ಲೆಕ್ಕ. ಅಂದರೆ ದೂರದ ಜಾಗಕ್ಕೆ ಸಿಗುವುದು ಎಂಟೇ ಗಂಟೆ. ದೂರದ್ದನ್ನು ಮೊದಲು ಮುಗಿಸಿ, ಹತ್ತಿರದ್ದನ್ನು ಕೊನೆಗೆ ಇಟ್ಟುಕೊಳ್ಳಿ.

ನೇಪಲ್ಸ್‌ನ ದೊಡ್ಡ ಅನುಕೂಲವೆಂದರೆ ಹಡಗು ನಿಲ್ಲುವುದು ಊರಿನ ನಡುಮಧ್ಯೆ. ಹಡಗು ನಿಲ್ದಾಣವಾದ ಸ್ತಾತ್ಸಿಯೋನೆ ಮರೀತಿಮಾದಿಂದ ಹೊರಬಂದರೆ ಎದುರಿಗೇ 13ನೇ ಶತಮಾನದ ಕಾಸ್ತೆಲ್ ನುವೊವೊ ಕೋಟೆ, ಅದರ ಪಕ್ಕದಲ್ಲೇ ಮುನಿಚಿಪಿಯೊ ಮೆಟ್ರೊ. ಚಿವಿತಾವೆಕ್ಕಿಯಾದಲ್ಲಿ ಇಳಿದವರು ರೋಮ್ ಮುಟ್ಟಲು ಗಂಟೆಗೂ ಹೆಚ್ಚು ರೈಲಿನಲ್ಲಿ ಕೂರಬೇಕು. ಇಲ್ಲಿ ಆ ತಾಪತ್ರಯವಿಲ್ಲ.

ವೆಸುವಿಯಸ್ ಜ್ವಾಲಾಮುಖಿ ಹೂತುಹಾಕಿದ ಪ್ರಾಚೀನ ಊರುಗಳಾದ ಪಾಂಪೇಗೂ ಎರ್ಕೊಲಾನೊಗೂ ದಾರಿ ಒಂದೇ. ಮುನಿಚಿಪಿಯೊದಿಂದ ಮೆಟ್ರೊ ಲೈನ್ 1ರಲ್ಲಿ ಮೂರನೇ ನಿಲ್ದಾಣ ಗರಿಬಾಲ್ಡಿ. ಅಲ್ಲಿ ಚಿರ್ಕುಮ್‌ವೆಸುವಿಯಾನಾ ಎಂಬ ಸ್ಥಳೀಯ ರೈಲಿನ ಫಲಕ ನೋಡಿಕೊಂಡು ಹೋಗಿ ಸೊರ್ರೆಂತೊ ಕಡೆಯ ರೈಲು ಹತ್ತಬೇಕು. ರೈಲು ಹೊರಡುವುದು ಒಂದು ನಿಲ್ದಾಣ ಹಿಂದಿನ ಪೋರ್ತಾ ನೊಲಾನಾದಿಂದ. ಬಂದರಿನಿಂದ ಸುಮಾರು 25 ನಿಮಿಷ ನಡೆದು ಅಲ್ಲೇ ಹತ್ತಿದರೆ ಸೀಟು ಸಿಗುತ್ತದೆ, ಗರಿಬಾಲ್ಡಿಯಲ್ಲಿ ಹತ್ತಿದವರಿಗೆ ಬಹುತೇಕ ನಿಲ್ಲುವುದೇ ಗತಿ. ಹಳೆಯ ರೈಲುಗಳಲ್ಲಿ ಎಸಿ ಇರುವುದಿಲ್ಲ, ಜೇಬುಗಳ್ಳರ ಕಾಟವಿದೆ. ಬ್ಯಾಗನ್ನು ಎದೆಯ ಮೇಲೆ ಹಾಕಿಕೊಂಡು, ಫೋನನ್ನು ಅದರೊಳಗೇ ಇಡಿ. ಟಿಕೆಟ್ ಒಂದು ಕಡೆಗೆ ಮೂರ್ನಾಲ್ಕು ಯೂರೊ. ವಾಪಸ್ಸಿನದನ್ನೂ ಆಗಲೇ ಕೊಂಡುಬಿಡಿ, ಮಧ್ಯಾಹ್ನ ಪಾಂಪೇ ನಿಲ್ದಾಣದ ಕೌಂಟರಿನ ಸಾಲು ಒಂದು ರೈಲು ತಪ್ಪಿಸುವಷ್ಟು ಉದ್ದವಿರುತ್ತದೆ.

ಪಾಂಪೇಗೆ 35–40 ನಿಮಿಷ. ಇಳಿಯಬೇಕಾದ ನಿಲ್ದಾಣ ‘ಪೊಂಪೇಯಿ ಸ್ಕಾವಿ – ವಿಲ್ಲಾ ದೇಯಿ ಮಿಸ್ತೇರಿ’. ಹೆಸರಿನಲ್ಲಿ ಪೊಂಪೇಯಿ ಇರುವ ಬೇರೆ ನಿಲ್ದಾಣಗಳೂ ಇವೆ, ಅವು ಈಗಿನ ಊರಿನವು. ಅಲ್ಲಿ ಇಳಿದರೆ ಬಿಸಿಲಲ್ಲಿ ನಡಿಗೆಯೇ ಲಾಭ. ನಿಲ್ದಾಣದ ಬಾಗಿಲಲ್ಲೇ ಅಧಿಕೃತ ಕಚೇರಿಯಂತೆ ಕಾಣುವ ಕೌಂಟರ್‌ಗಳಲ್ಲಿ ಟಿಕೆಟ್ ಮಾರುವವರು ಕರೆಯುತ್ತಾರೆ. ಅವರನ್ನು ದಾಟಿ ನಾಲ್ಕು ಹೆಜ್ಜೆ ಮುಂದೆ ಹೋದರೆ ಪೋರ್ತಾ ಮರೀನಾ ಪ್ರವೇಶದ್ವಾರ. 2024ರ ನವೆಂಬರಿನಿಂದ ದಿನಕ್ಕೆ 20,000 ಜನರ ಮಿತಿ ಬಂದಿದೆ, ಟಿಕೆಟ್‌ನಲ್ಲಿ ಹೆಸರೂ ಇರುತ್ತದೆ. ಹಾಗಾಗಿ ಮೊದಲೇ ಆನ್‌ಲೈನ್‌ನಲ್ಲಿ ಕೊಂಡು, ಗುರುತಿನ ಚೀಟಿ ಜೊತೆಗಿಟ್ಟುಕೊಳ್ಳಿ. 30×30×15 ಸೆಂ.ಮೀ.ಗಿಂತ ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ.

ಪಾಂಪೇಯ ಬಲ ಅದರ ಅಗಾಧತೆ, ತೊಂದರೆಯೂ ಅದೇ. ಒಟ್ಟು 66 ಹೆಕ್ಟೇರಿನ ಊರು, ಮೂರರಲ್ಲಿ ಎರಡು ಭಾಗ ಅಗೆದು ತೆರೆದಿದ್ದಾರೆ. ಬೀದಿಗಳು ಕಪ್ಪು ಜ್ವಾಲಾಮುಖಿ ಶಿಲೆಯವು, ಗಾಡಿಚಕ್ರ ಸವೆಸಿದ ಜಾಡು ಇಂದಿಗೂ ಆಳವಾಗಿದೆ. ರಸ್ತೆ ದಾಟಲು ನಡುವೆ ಎತ್ತರದ ಕಲ್ಲುಗಳನ್ನು ನೆಟ್ಟಿದ್ದಾರೆ, ಚಕ್ರ ಹಾಯಲು ಅವುಗಳ ಮಧ್ಯೆ ಸಂದಿ ಬಿಟ್ಟಿದ್ದಾರೆ. ಅಲ್ಲಿ ಒಂದು ನಿಮಿಷ ನಿಂತು ನೋಡಿ, ಆ ಊರಿನ ಓಡಾಟ ಕಣ್ಣಿಗೆ ಕಟ್ಟುತ್ತದೆ. ಆದರೆ ಅದೇ ಕಲ್ಲಿನ ಮೇಲೆ ಮೂರು ಗಂಟೆ ನಡೆಯುವುದು ಮಂಡಿನೋವಿನವರಿಗೆ ಶಿಕ್ಷೆ. ನೆರಳು ಇಲ್ಲವೆಂದೇ ಹೇಳಬೇಕು, ಕುಡಿಯುವ ನೀರಿನ ನಲ್ಲಿಗಳು ಮಾತ್ರ ಅಲ್ಲಲ್ಲಿ ಇವೆ. ಊರಚೌಕವಾದ ಫೋರಂ, 2023ರಲ್ಲಿ ಮತ್ತೆ ತೆರೆದ ವೆತ್ತಿಗಳ ಮನೆ, ಆಮೇಲೆ ಅಲ್ಲಿ ಸತ್ತ ಹದಿಮೂರು ಜನರ ಪ್ಲಾಸ್ಟರ್ ದೇಹದಚ್ಚುಗಳಿರುವ ‘ಪಲಾಯನದವರ ತೋಟ’: ಇಷ್ಟಕ್ಕೇ ಮೂರೂವರೆ ಗಂಟೆ ಬೇಕು. ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ ಒಂದೂ ಮನಸ್ಸಿನಲ್ಲಿ ಉಳಿಯುವುದಿಲ್ಲ.

ಎರ್ಕೊಲಾನೊ, ಅಂದರೆ ಪ್ರಾಚೀನ ಹರ್ಕ್ಯುಲೇನಿಯಂ, ಅದೇ ರೈಲಿನಲ್ಲಿ ಇಪ್ಪತ್ತೇ ನಿಮಿಷ. ‘ಎರ್ಕೊಲಾನೊ ಸ್ಕಾವಿ’ಯಲ್ಲಿ ಇಳಿದು ಸಮುದ್ರದ ಕಡೆಗೆ ನೇರ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ದ್ವಾರ. ಒಂದು ದಿನದ ಪ್ರವಾಸಿಗೆ ನಾವು ಹೇಳುವುದು ಇದನ್ನೇ. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದಾಗ ಗಾಳಿ ಪಾಂಪೇ ಕಡೆ ಬೀಸುತ್ತಿತ್ತು. ಅಲ್ಲಿ ನೊರೆಗಲ್ಲು ಸುರಿದು, ಭಾರಕ್ಕೆ ಸೂರುಗಳು ಕುಸಿದವು. ಎರ್ಕೊಲಾನೊದ ಮೇಲೆ ಮೊದಲು ಹೆಚ್ಚೇನೂ ಬೀಳಲಿಲ್ಲ, ಆಮೇಲೆ ಕುದಿಬಿಸಿ ಅನಿಲ, ಬೂದಿಯ ಪ್ರವಾಹ ನುಗ್ಗಿ ಊರನ್ನು ಸುಮಾರು 20 ಮೀಟರ್ ಆಳಕ್ಕೆ ಹೂತುಬಿಟ್ಟಿತು. ಆ ಶಾಖಕ್ಕೆ ಮರ ಉರಿದುಹೋಗದೆ ಇದ್ದಿಲಾಗಿ ಉಳಿಯಿತು. ಹಾಗಾಗಿ ಇಲ್ಲಿ ಮಹಡಿಗಳಿವೆ, ತೊಲೆಗಳಿವೆ. ಒಂದು ಮನೆಯ ಪಡಸಾಲೆಯಲ್ಲಿ ಮರದ ಮಡಿಚುಬಾಗಿಲಿನ ತಡಿಕೆಯೇ ನಿಂತಿದೆ, ಗಾಜಿನ ಹಿಂದೆ ಕಪ್ಪಗೆ, ದೀಪ ತೂಗುಹಾಕುವ ಕಂಚಿನ ಕೊಂಡಿಯ ಸಮೇತ. ಕಡಲಂಚಿನ ದೋಣಿಮನೆಗಳಲ್ಲಿ ಆಸರೆ ಪಡೆದ ಸುಮಾರು 300 ಜನರ ಅಸ್ಥಿಪಂಜರಗಳು ಸಿಕ್ಕಿದ್ದೂ ಇಲ್ಲೇ. ತೆರೆದಿರುವ ಜಾಗ ನಾಲ್ಕೈದು ಹೆಕ್ಟೇರು ಅಷ್ಟೇ, ಎರಡು ಗಂಟೆಯಲ್ಲಿ ನೆಮ್ಮದಿಯಾಗಿ ಮುಗಿಯುತ್ತದೆ. ಟಿಕೆಟ್ ಪಾಂಪೇಗಿಂತ ಅಗ್ಗ, ಜನಜಂಗುಳಿಯೂ ಕಡಿಮೆ. ವಾಪಸ್ಸು ಬರುವಾಗ ನಿಲ್ದಾಣಕ್ಕೆ ಏರುದಾರಿ ಎಂಬುದಷ್ಟೇ ಕೊರತೆ.

ಕಾಪ್ರಿ ದ್ವೀಪದ ಚಿತ್ರ ನೋಡಿದವರಿಗೆ ಅದನ್ನು ಬಿಡಲು ಮನಸ್ಸಾಗದು. ವೇಗದ ದೋಣಿಯಾದ ಹೈಡ್ರೊಫಾಯಿಲ್ ಹೊರಡುವ ಮೋಲೊ ಬೆವೆರೆಲ್ಲೊ ನಿಮ್ಮ ಹಡಗಿನ ಪಕ್ಕದಲ್ಲೇ ಇದೆ, ಪಯಣ 50 ನಿಮಿಷ, ಒಂದು ಕಡೆಗೆ 20 ಯೂರೊ ಮೀರುತ್ತದೆ. ಆದರೆ ಬೇಸಿಗೆಯಲ್ಲಿ ಅಲ್ಲಿ ಎಲ್ಲಕ್ಕೂ ಸಾಲು: ಗುಡ್ಡವೇರುವ ಹಗ್ಗದ ರೈಲಾದ ಫ್ಯುನಿಕ್ಯುಲರ್‌ಗೆ, ಅನಾಕಾಪ್ರಿಯ ಪುಟ್ಟ ಬಸ್ಸಿಗೆ, 589 ಮೀಟರ್ ಎತ್ತರದ ಮೊಂತೆ ಸೊಲಾರೊ ಕುರ್ಚಿ-ಲಿಫ್ಟಿಗೆ. ಕಡಲಂಚಿನ ಗುಹೆಯಾದ ನೀಲಿ ಗವಿಯ ಬಾಯಿ ಎಷ್ಟು ತಗ್ಗೆಂದರೆ ದೋಣಿಯಲ್ಲಿ ಮಲಗಿಕೊಂಡೇ ಒಳಗೆ ಹೋಗಬೇಕು, ಸ್ವಲ್ಪ ಅಲೆ ಎದ್ದರೂ ಮುಚ್ಚುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿ ಜೋರಾದರೆ ಹೈಡ್ರೊಫಾಯಿಲ್ ರದ್ದಾಗುತ್ತದೆ. ದ್ವೀಪದಿಂದ ಟ್ಯಾಕ್ಸಿ ಹಿಡಿದು ಬರಲಾಗದು! ಹೋಗಲೇಬೇಕಿದ್ದರೆ ಮಧ್ಯಾಹ್ನ 2ರೊಳಗೆ ವಾಪಸ್ಸು ಹೊರಡಿ, ಇಲ್ಲವೇ ಹಡಗಿನವರ ಟೂರಿನಲ್ಲೇ ಹೋಗಿ. ಅವರ ಟೂರ್ ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಅಮಾಲ್ಫಿ ತೀರಕ್ಕೂ ಇದೇ ಮಾತು. ಇರುವುದು ಒಂದೇ ಇಕ್ಕಟ್ಟಾದ ತಿರುವುರಸ್ತೆ, ಕಟ್ಟಿಕೊಂಡರೆ ಕಟ್ಟಿಕೊಂಡಂತೆಯೇ.

ಎರ್ಕೊಲಾನೊದಿಂದ 11.30ಕ್ಕೆ ಹೊರಟರೆ ಗರಿಬಾಲ್ಡಿಯಲ್ಲಿ ಮೆಟ್ರೊ ಬದಲಿಸಿ 12.30ರ ಹೊತ್ತಿಗೆ ಮುಜೇಯೊ ನಿಲ್ದಾಣದಲ್ಲಿರಬಹುದು. ಪಾಂಪೇ, ಎರ್ಕೊಲಾನೊಗಳಲ್ಲಿ ಸಿಕ್ಕ ಅತ್ಯುತ್ತಮ ಮೊಸಾಯಿಕ್, ಭಿತ್ತಿಚಿತ್ರ, ಕಂಚಿನ ಮೂರ್ತಿಗಳಿರುವುದು ಇಲ್ಲಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ. ಬರಿಗೋಡೆ ನೋಡಿ ಬಂದ ಕಣ್ಣಿಗೆ ಅದರ ಬಣ್ಣ ಇಲ್ಲಿ ಸಿಗುತ್ತದೆ. ಮಂಗಳವಾರ ರಜೆ. 1753ರಲ್ಲಿ ಸಾನ್‌ಮಾರ್ತಿನೊ ಕೆತ್ತಿದ ‘ಮುಸುಕಿನ ಕ್ರಿಸ್ತ’ ಇರುವ ಸಾನ್‌ಸೆವೆರೊ ಪ್ರಾರ್ಥನಾಲಯವೂ ಮಂಗಳವಾರವೇ ಮುಚ್ಚಿರುತ್ತದೆ, ಅದಕ್ಕೆ ದಿನಗಳ ಮುಂಚೆಯೇ ಟಿಕೆಟ್ ಕಾದಿರಿಸಬೇಕು. ಆಮೇಲೆ ಸ್ಪಕ್ಕಾನಾಪೊಲಿಯ ಗಲ್ಲಿಗಳಲ್ಲಿ ಅಡ್ಡಾಡಿ, ವಿಯಾ ತೊಲೇದೊ ರಸ್ತೆ ಹಿಡಿದು ಇಳಿದರೆ ಬಂದರು.

ಸಸ್ಯಾಹಾರಿಗಳು ಗಮನಿಸಬೇಕಾದ್ದಿದೆ. ಮಾರ್ಗೆರೀತಾ ಪಿಜ್ಜಾ ಗೊತ್ತಿದ್ದದ್ದೇ. ಮರಿನಾರಾ ಎಂಬ ಹೆಸರು ಕೇಳಿ ಮೀನು ಎಂದು ಹೆದರಬೇಡಿ, ಅದರಲ್ಲಿರುವುದು ಟೊಮ್ಯಾಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ. ಚೀಸ್ ಸಹ ಇಲ್ಲ. ಎಚ್ಚರ ಬೇಕಾದ್ದು ತಿಂಡಿಗಳಲ್ಲಿ: ಪದರಪದರದ ಸ್ಫೊಲ್ಯಾತೆಲ್ಲಾ ಮತ್ತು ಮೆಣಸಿನ ತರಾಲ್ಲಿಗಳನ್ನು ಸಾಂಪ್ರದಾಯಿಕವಾಗಿ ಹಂದಿಕೊಬ್ಬಿನಲ್ಲಿ ಮಾಡುತ್ತಾರೆ. ‘ಸುನ್ಯಾ?’, ಅಂದರೆ ಹಂದಿಕೊಬ್ಬೇ, ಎಂದು ಕೇಳಿ, ಹೌದೆಂದರೆ ಬಿಟ್ಟುಬಿಡಿ. ಕರಿದ ಪಿಜ್ಜಾದೊಳಗೂ ಹಂದಿಮಾಂಸದ ಚೂರುಗಳಿರುವುದುಂಟು.

ಹೊರಡುವ ಹಿಂದಿನ ದಿನ ‘ಶೋಪೆರೊ’, ಅಂದರೆ ಮುಷ್ಕರ, ಇದೆಯೇ ನೋಡಿಕೊಳ್ಳಿ. ಇಟಲಿಯಲ್ಲಿ ರೈಲು ಮುಷ್ಕರಗಳನ್ನು ಮೊದಲೇ ಪ್ರಕಟಿಸುತ್ತಾರೆ. ಅಂಥ ದಿನ ರೈಲಿನ ಆಸೆ ಬಿಟ್ಟು ಊರೊಳಗೇ ಉಳಿಯಿರಿ, ಇಲ್ಲವೇ ನಾಲ್ವರು ಸೇರಿ ಬಿಳಿ ಟ್ಯಾಕ್ಸಿ ಹಿಡಿದು, ಹತ್ತುವ ಮೊದಲೇ ‘ತರೀಫಾ ಪ್ರೆದೆತೆರ್ಮಿನಾತಾ’, ಅಂದರೆ ನಿಗದಿತ ದರ, ಎಂದು ಹೇಳಿ. ಮೀಟರ್ ಶುರುವಾದ ಮೇಲೆ ಕೇಳಿದರೆ ಆ ದರ ಸಿಗುವುದಿಲ್ಲ. ಭಾರತದ ಪಾಸ್‌ಪೋರ್ಟಿನವರಿಗೆ ಇನ್ನೊಂದು ಮಾತು: ಹಡಗು ನಡುವೆ ಟುನೀಶಿಯಾ, ಟರ್ಕಿಯಂಥ ಕಡೆ ಹೋಗಿ ಮತ್ತೆ ಯುರೋಪಿಗೆ ಮರಳುವುದಿದ್ದರೆ ಒಂದೇ ಪ್ರವೇಶದ ಶೆಂಗೆನ್ ವೀಸಾ ಸಾಲದು, ಬಹುಪ್ರವೇಶದ್ದನ್ನೇ ಕೇಳಿ ಮಾಡಿಸಿ.