ಕರಬೂಜದ ಬೂದಿ ರೋಗಕ್ಕೆ ಹಾಲೋ, ಗಂಧಕವೋ, ಅಂಗಡಿ ಔಷಧಿಯೋ?

ನಮ್ಮ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಬೂದಿ ರೋಗ ಹೊಸದಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿದ ನನ್ನ ಪಾಲಿಹೌಸ್‌ನಲ್ಲಿ ಕರಬೂಜದ ಎಲೆ ಮೇಲೆ ಸುಣ್ಣ ಚಿಮುಕಿಸಿದಂಥ ಚುಕ್ಕೆ ಕಂಡಾಗ ಪಕ್ಕದ ತೋಟದ ಅಣ್ಣ, "ನಮ್ಮ ದ್ರಾಕ್ಷಿಯಿಂದಲೇ ಬಂದಿರಬೇಕು ಕಣಪ್ಪ" ಎಂದು ಬೇಜಾರು ಮಾಡಿಕೊಂಡರು. ಹಾಗೇನಿಲ್ಲ. ದ್ರಾಕ್ಷಿಯ ಬೂದಿ ತರುವ ಶಿಲೀಂಧ್ರವೇ ಬೇರೆ. ಕರಬೂಜಕ್ಕೆ ಇದು ಹರಡುವುದು ಸೌತೆ, ಕುಂಬಳದಂಥ ನೆಂಟರಿಂದ. ಪಾಲಿಹೌಸ್ ಬಾಗಿಲ ಪಕ್ಕದಲ್ಲೇ ಅಮ್ಮ ಹಬ್ಬಿಸಿದ್ದ ಕುಂಬಳದ ಬಳ್ಳಿ ಆಗಲೇ ಬೆಳ್ಳಗಾಗಿತ್ತು.

ಮಳೆ ಬೀಳದ ಜಾಗದಲ್ಲಿ ರೋಗ ಹೇಗೆ ಅಂತೀರಾ? ಇದಕ್ಕೆ ಎಲೆ ಒದ್ದೆಯಾಗಬೇಕಿಲ್ಲ. ಗಾಳಿಯಲ್ಲಿ ತೇವ, ಸ್ವಲ್ಪ ನೆರಳು, ಒತ್ತಾದ ಎಲೆ ಇದ್ದರೆ ಸಾಕು. ಡ್ರಿಪ್ ಹಾಕಿದ್ದೇನೆ, ಎಲೆಗೆ ನೀರೇ ತಾಗಲ್ಲ ಎಂದು ನಾನೂ ಸುಮ್ನೆ ನಿಶ್ಚಿಂತೆಯಾಗಿದ್ದೆ.

ಒಂದೊಂದು ಮದ್ದಿಗೆ ಎರಡೆರಡು ಸಾಲು ಬಿಟ್ಟು ನೋಡಿದೆ.

ಗಂಧಕದ ಸಾಲುಗಳಿಗೆ ನೀರಿನಲ್ಲಿ ಬೆರೆಯುವ 80% ಗಂಧಕದ ಪುಡಿ, ಲೀಟರಿಗೆ 2 ಗ್ರಾಂ. ಮೊದಲ ಸಲ ಸಂಜೆ ಹೊಡೆದೆ. ಐದಾರು ದಿನದಲ್ಲಿ ಬಿಳಿ ಚುಕ್ಕೆ ಕಂದಿತು, ಹೊಸ ಎಲೆಗೆ ರೋಗ ಏರಲಿಲ್ಲ. ಮೂರರಲ್ಲಿ ಖರ್ಚು ಕಡಿಮೆ ಇದಕ್ಕೇ. ಎರಡನೇ ಸಲ ಎಡವಿದೆ. ಸಂಜೆ ಮದುವೆಗೆ ಹೋಗಬೇಕಿತ್ತು, ಬೆಳಗ್ಗೆ ಹತ್ತಕ್ಕೇ ಹೊಡೆದುಬಿಟ್ಟೆ. ಮಧ್ಯಾಹ್ನ ಒಳಗಿನ ಥರ್ಮಾಮೀಟರ್ 36 ಡಿಗ್ರಿ ತೋರಿಸುತ್ತಿತ್ತು. ಮೂರನೇ ದಿನ ಎಲೆಯ ಅಂಚೆಲ್ಲ ಕಾಗದ ಸುಟ್ಟ ಹಾಗೆ! 32 ಡಿಗ್ರಿ ದಾಟುವ ದಿನ ಗಂಧಕ ಮುಟ್ಟಬಾರದು, ಅದರಲ್ಲೂ ಕರಬೂಜದ ಎಲೆ ಬಲು ಸೂಕ್ಷ್ಮ. ಬೇವಿನೆಣ್ಣೆ ಹೊಡೆಯುವವರು ಎರಡರ ನಡುವೆ ಎರಡು ವಾರವಾದರೂ ಬಿಡಿ, ಇಲ್ಲದಿದ್ದರೆ ಆಗಲೂ ಎಲೆ ಸುಡುತ್ತದೆ. ಇನ್ನೊಂದು ಮಾತು: ಗಂಧಕ ಜಾಸ್ತಿ ಬಳಸಿದರೆ ಮೇಲಿನ ಪ್ಲಾಸ್ಟಿಕ್ ಹಾಳೆಯ ಆಯಸ್ಸೂ ಇಳಿಯುತ್ತದೆ. ಹಾಳೆ ಬದಲಿಸುವ ಖರ್ಚು ಗೊತ್ತಲ್ವಾ?

ಹಾಲಿನ ವಿಷಯಕ್ಕೆ ಮನೆಯಲ್ಲಿ ದೊಡ್ಡ ಗಲಾಟೆ. "ಡೇರಿಗೆ ಹಾಕೋ ಹಾಲನ್ನ ಗಿಡಕ್ಕೆ ಸುರೀತೀಯೇನೋ?" ಎಂದು ಅಮ್ಮ. ಆದರೆ ಇದು ಸುಮ್ನೆ ಹುಟ್ಟಿದ ಮಾತಲ್ಲ. ಬ್ರೆಜಿಲ್‌ನಲ್ಲಿ ಹಸಿರುಮನೆಯೊಳಗೆ ಕುಂಬಳದ ಜಾತಿಯ ಜುಕಿನಿ ಗಿಡಗಳ ಮೇಲೆ ಹಾಲು ಸಿಂಪಡಿಸಿ ನೋಡಿದ ಪ್ರಯೋಗ 1999ರಲ್ಲಿ ಪ್ರಕಟವಾಗಿದೆ, ಒಳ್ಳೆಯ ಫಲಿತಾಂಶವೇ ಬಂದಿತ್ತು. ನಾನು 1 ಲೀಟರ್ ಹಾಲಿಗೆ 9 ಲೀಟರ್ ನೀರು ಬೆರೆಸಿ ವಾರಕ್ಕೆ ಎರಡು ಸಲ ಹೊಡೆದೆ. ಚುಕ್ಕೆ ಇನ್ನೂ ಬಾರದ ಸಾಲಿನಲ್ಲಿ ಚೆನ್ನಾಗಿ ತಡೆಯಿತು. ಆಗಲೇ ಬೆಳ್ಳಗಾಗಿದ್ದ ಸಾಲಿನಲ್ಲಿ ದುಡ್ಡು ದಂಡ. ಬಳ್ಳಿಯ ಬುಡದ ನೆರಳಲ್ಲಿರುವ ಎಲೆಗಳಲ್ಲಂತೂ ಏನೂ ಆಗಲಿಲ್ಲ. ಎರಡು ವಾರಕ್ಕೆ ಹುಳಿ ವಾಸನೆ ಶುರು.

ಅಂಗಡಿ ಔಷಧಿಯದು ಚಿಕ್ಕ ಕಥೆ. ಹೆಕ್ಸಾಕೊನಜೋಲ್ ಎಂಬ ಶಿಲೀಂಧ್ರನಾಶಕ ಹೊಡೆದ ಮೂರೇ ದಿನಕ್ಕೆ ಸಾಲು ಹಸಿರಾಗಿ ಕಂಡಿತು, ಖುಷಿಯಾಯಿತು. ಅದನ್ನೇ ಮತ್ತೆರಡು ಸಲ ಹೊಡೆದೆ, ಮೂರನೆಯದಕ್ಕೆ ರೋಗ ಅಷ್ಟಾಗಿ ಜಗ್ಗಲಿಲ್ಲ. ಈ ಶಿಲೀಂಧ್ರ ಮದ್ದಿಗೆ ಬೇಗ ಒಗ್ಗಿಕೊಳ್ಳುತ್ತದೆ, ಹಾಗಾಗಿ ಒಂದೇ ಗುಂಪಿನ ಔಷಧಿಯನ್ನು ಬೆನ್ನುಬೆನ್ನಿಗೆ ಹೊಡೆಯಬಾರದು. ರೋಗ ತಡೆಯುವ ತಳಿಯನ್ನೂ ಅದು ಬಿಟ್ಟಿಲ್ಲ. ನಮ್ಮ ಭಾರತದ ಬೀಜದಿಂದ ರೋಗ ತಡೆಯುವ ಗುಣ ತೆಗೆದುಕೊಂಡು ಅಮೆರಿಕದವರು 1936ರಲ್ಲಿ ಪಿಎಂಆರ್ 45 ಎಂಬ ಕರಬೂಜ ಬಿಟ್ಟರು. ಕೆಲವೇ ವರ್ಷದಲ್ಲಿ ಅದನ್ನೂ ತಿನ್ನುವ ಹೊಸ ಬಗೆಯ ಬೂದಿ ಬಂತು.

ಕಾಯಿ ರುಚಿಯಲ್ಲೂ ವ್ಯತ್ಯಾಸ ಇತ್ತು. ಎಲೆ ಉಳಿದ ಸಾಲಿನ ಹಣ್ಣು ಸಿಹಿ. ಎಲೆ ಉದುರಿದ ಕಡೆ ಗಾತ್ರವೇನೋ ಬಂತು, ಬಾಯಿಗಿಟ್ಟರೆ ಸೌತೆಕಾಯಿ.

ಹಾಗಾಗಿ ನನ್ನ ಓಟು ಗಂಧಕಕ್ಕೆ, ಆದರೆ ಬಿಸಿಲು ಏರುವ ಮುಂಚಿನ ದಿನಗಳಲ್ಲಿ, ಸಂಜೆ ಹೊತ್ತು ಮಾತ್ರ. ಮಾರ್ಚ್ ಬಂದ ಮೇಲೆ ಹೊಸ ಎಲೆಗೆ ಹಾಲು. ಅಂಗಡಿ ಔಷಧಿ ಕೈಮೀರಿದಾಗ ಒಂದೇ ಒಂದು ಸಲ, ಅದೂ ಕೊಯ್ಲಿಗೆ ಎಷ್ಟು ದಿನ ಬಿಡಬೇಕೆಂದು ಡಬ್ಬಿಯ ಮೇಲೆ ಓದಿಕೊಂಡು. ಈ ಬೆಳೆಗೆ ಬುಡದ ಹಳೆ ಎಲೆಗಳನ್ನು ಮೊದಲೇ ಕಿತ್ತು ಗಾಳಿಯಾಡುವಂತೆ ಮಾಡಿದ್ದೇನೆ. ಬಾಗಿಲ ಪಕ್ಕದ ಕುಂಬಳವನ್ನೂ ಕಿತ್ತಿದ್ದೇನೆ. ಅಮ್ಮ ಇನ್ನೂ ಮುನಿಸಿಕೊಂಡಿದ್ದಾರೆ, ಹುಳಿಗೆ ಕುಂಬಳಕಾಯಿ ಈಗ ಸಂತೆಯಿಂದ ತರಬೇಕಲ್ಲ.